ಗೊರಸಿನ ಪಟ್ಟಿ

ಸೂರ್ ಪಟ್ಟಣ, ಮೀನುಪೇಟೆಯ ಹಿಂದಿನ ಓಣಿ.
ಬೋರ್ಡಿನ ಮೇಲೆ ಕಫೀಲನ ಹೆಸರು,
ಮಷೀನಿನ ಮುಂದೆ ನಾನು, ಯಲ್ಲಾಪುರದ ಸಿದ್ದಿ.
ಗಿರಾಕಿಗಳು ಮುಖ ನೋಡಿ ಅರಬಿಯಲ್ಲಿ ಶುರುಮಾಡುತ್ತಾರೆ,
ನನ್ನ ಉತ್ತರ ಕೇಳಿ ಹಿಂದಿಗೆ ಇಳಿಯುತ್ತಾರೆ.

ಮರ್ಜೂಕ್ ಇಳಿಯಲಿಲ್ಲ. ಅರಬಿಯಲ್ಲೇ, ನಿಧಾನವಾಗಿ,
ಚೀಲ ಸುರಿದ: ಆಡಿನ ಒಣಗೊರಸು, ಒಂದು ಮೊರದಷ್ಟು,
ಜತೆಗೆ ಸವೆದ ಬಟ್ಟೆಯ ಪಟ್ಟಿ. ಇದು ಮಂಜೂರ್, ಅಂದ.
ಸೊಂಟಕ್ಕೆ ಕಟ್ಟಿ ಕುಲುಕಬೇಕು; ತಂಬೂರದ ತಂತಿಯೊಂದೇ
ಕರೆದರೆ ಸಾಲದು, ಇದೂ ಕರೆಯಬೇಕು, ಆಗ ಬರುತ್ತಾರೆ.
ಯಾರು?
ಕಡಲಾಚೆಯವರು.

ಟೇಪು ಹಿಡಿದು ಅವನ ಸುತ್ತ ಕೈ ಹಾಯಿಸಿದೆ.
ಮೂವತ್ನಾಲ್ಕು. ಮೂವತ್ತೆಂಟು ಎಂದು ಬರೆದುಕೊಂಡೆ.
ಮತ್ತೆ ಅಳೆದೆ. ಅವನು ತೋಳೆತ್ತಿಯೇ ನಿಂತಿದ್ದ.

ಎರಡು ರಾತ್ರಿ ಹೊಲಿದೆ. ದಬ್ಬಣ, ಮೇಣ ಹಚ್ಚಿದ ದಾರ,
ಒಂದೊಂದು ಗೊರಸಿಗೆ ಎರಡೆರಡು ಗಂಟು.
ಗೊರಸಿಗೆ ಗೊರಸು ತಾಗಿದಾಗ
ನಮ್ಮಜ್ಜಿಯ ಡಮಾಮಿ ನೆನಪಾಗಬೇಕಿತ್ತು,
ಅವಳ ಕೆಮ್ಮು ನೆನಪಾಯಿತು.

ಗುರುವಾರ, ಬಖೀತಾಳ ಅಂಗಳ. ಲೋಬಾನದ ಹೊಗೆ,
ಹಿತ್ತಾಳೆ ತಟ್ಟೆಯಲ್ಲಿ ಖರ್ಜೂರ, ಬೇಯಿಸಿದ ಮೊಟ್ಟೆ.
ನಡುರಾತ್ರಿ ಮರ್ಜೂಕನ ಕತ್ತು ಒಂದು ಬದಿಗೆ ವಾಲಿತು.
ಬಂದಳು: ಹಬಶೀ ದೇಶದ ಮದುವಣಗಿತ್ತಿ.
ವರ್ಷವರ್ಷವೂ ಬರುತ್ತಾಳಂತೆ, ಕೆಂಪು ಹೊದಿಸದೆ ಮಾತಾಡಳಂತೆ.
ಬಂದರಿನಲ್ಲಿ ಕ್ರೇನ್ ಓಡಿಸುವವನಿಗೆ ಕೆಂಪು ಹೊದಿಸಿದರು.
ಗಡ್ಡದವರು "ಬಾರಮ್ಮ" ಎಂದು ಕಾಫಿ ಕೊಟ್ಟರು.
ಯಾರೂ ನಗಲಿಲ್ಲ.

ಬೆಳಗಾದರೆ ಇದೇ ಗಡ್ಡದವರು ಏನೆನ್ನುತ್ತಾರೋ ಬಲ್ಲೆ.
ನಮ್ಮೂರಲ್ಲೂ ಅಷ್ಟೇ: ಮೈಮೇಲೆ ಬಂದರೆ ಎಲ್ಲ ಮಾಫಿ,
ಮೈಯೊಳಗೇ ಇದ್ದರೆ ಇಲ್ಲ.

ನಾನೂ ಎದ್ದಿದ್ದೆ, ಯಾವಾಗಲೋ. ಚಪ್ಪಲಿ ಎಲ್ಲಿ ಬಿಟ್ಟೆನೋ.
ಬಖೀತಾ ನನ್ನ ಗಲ್ಲ ಹಿಡಿದು ಪದ್ಧತಿಯಂತೆ ಕೇಳಿದಳು:
ಬಂದವರು ಯಾರು? ಹೆಸರೇನು? ಏನು ಬೇಕು?

ಒಂದು ಸುಳ್ಳು ಸಾಕಿತ್ತು. ಯಾವುದಾದರೂ ರಾಣಿಯ ಹೆಸರು
ಹೇಳಿದ್ದರೆ ನನಗೂ ಕೆಂಪು ಬಟ್ಟೆ.

ಬಸ್ತ್ಯಾಂವ್, ಅಂದೆ.
ಟೇಲರ್.
ಯಾರೂ ಬಂದಿಲ್ಲ ತಾಯಿ, ನಾನೇ ಇರೋದು.

ತಂತಿ ನಿಂತಿತು. ಗೊರಸುಗಳು ತುಸು ತಡವಾಗಿ ನಿಂತವು.
ಆಕೆ ಗಲ್ಲ ಬಿಡಲಿಲ್ಲ. ಯೋಚಿಸಿದಳು.
ಹಣೆಗೆ ಪನ್ನೀರು ಚಿಮುಕಿಸಿ
"ಇವನಿಗೂ ಕಾಫಿ ಕೊಡಿ" ಎಂದಳು.

ಶನಿವಾರ ಮರ್ಜೂಕ್ ಬಂದ. ಇಸ್ತ್ರಿಯ ಬಿಳಿ ದಿಶ್‌ದಾಶ.
ಮಜೂರಿ ಎಣಿಸಿಟ್ಟ.
ಒಂದು ಗೊರಸು ಸಡಿಲಾಗಿದೆ, ಅಂದ.

ಸುಳ್ಳು. ನನ್ನ ಗಂಟು ನನಗೆ ಗೊತ್ತು.
ಟೇಪು ತೆಗೆದುಕೊಂಡೆ.