ಎರವಲು ಜೋಲಿ

ಗುರುವಾರ ಹತ್ತರಿಂದ ಹನ್ನೆರಡು, ಚಾಪೆಲ್ಲಿನ ಹಿಂದಿನ ಕೋಣೆ.
ಹೀಟರು ಅರ್ಧ ಗಂಟೆ ಗೊಣಗಿ ಆಮೇಲೆ ಕೆಲಸಕ್ಕೆ ಬಗ್ಗುತ್ತದೆ.
ಗೂಟಕ್ಕೊಂದು ಜೋಲಿ: ಉದ್ದನೆಯದು, ಬಳೆಯದು,
ಬಕಲಿನದು, ಬೆನ್ನಿಗೆ ಹೊರುವ ಕಂಬಿಯದು.
ಲೈಬ್ರರಿ ಅನ್ನುತ್ತೇವೆ. ಇರುವುದೊಂದೇ ಪುಸ್ತಕ,
ಅದೂ ನನ್ನ ಕೈಬರಹದ್ದು: ಕೂಸಿನ ಹೆಸರು, ತೂಕ,
ಕತ್ತು ನಿಂತಿದೆಯೋ ಇಲ್ಲವೋ.

ಇದ್ವಾಲ್ ಬಂದದ್ದು ಮಾರ್ಚಿನಲ್ಲಿ, ಬೇಕರಿಯ ರಾತ್ರಿಪಾಳಿ ಮುಗಿಸಿ,
ಹುಬ್ಬಿನಲ್ಲಿ ಇನ್ನೂ ಹಿಟ್ಟು.
ಎರಡು ಅಂಗೈ ತುಂಬ ಹದಿನೇಳು ದಿನದ ಮಾಬ್ಲಿ,
ಈಗಷ್ಟೇ ಒಲೆಯಿಂದ ತೆಗೆದ ಹಾಗೆ.
'ತೆಗ್ವೆನ್‌ಗೆ ಹೊಟ್ಟೆಯ ಹೊಲಿಗೆ ಮಾಗಿಲ್ಲ. ಇವಳೋ
ಕೆಳಗಿಟ್ಟರೆ ಬೀದಿ ಎಬ್ಬಿಸುತ್ತಾಳೆ.
ಯಾವುದು ಒಳ್ಳೆಯದು ಹೇಳಿ, ಒಂದೇ ಸಲ ಕೊಂಡುಬಿಡುತ್ತೇನೆ.'

ಒಂದೇ ಸಲ!

ಐದು ಮೀಟರ್ ಬಟ್ಟೆ ಬಿಡಿಸಿದೆ.
ಸೊಂಟಕ್ಕೊಂದು ಸುತ್ತು, ಬೆನ್ನಮೇಲೆ ಅಡ್ಡ, ಭುಜದಿಂದ ಇಳಿಸಿ
ಕಪ್ಪೆ ಕೂತ ಹಾಗೆ ಕೂರಿಸು, ಕುಂಡೆಗಿಂತ ಮಂಡಿ ಮೇಲಿರಲಿ,
ಗಲ್ಲ ಎದೆಗೆ ಒತ್ತದಿರಲಿ, ಮೂಗಿಗೆ ಗಾಳಿ ಬೇಕು.
ಬಗ್ಗದೆ ನೆತ್ತಿಗೆ ಮುತ್ತು ಕೊಡಲು ಬಂದರೆ
ಕಟ್ಟಿದ್ದು ಸರಿಯಾಗಿದೆ ಅಂತ.
ಪರೀಕ್ಷೆಗೆಂದು ಒಂದು ಕೊಟ್ಟ. ಆಮೇಲಿನವನ್ನು ನಾನು ಎಣಿಸಲಿಲ್ಲ.

ನಮ್ಮಜ್ಜಿ ನಾನ್ಸಿಗೆ ಇದ್ದದ್ದು ಒಂದೇ ಉಣ್ಣೆಯ ಶಾಲು,
ಈ ಕಡೆ ವೇಲ್ಸಿನಲ್ಲಿ ಎಲ್ಲರೂ ಸುತ್ತುತ್ತಿದ್ದ ಹಾಗೆ:
ಎಡಕ್ಕೆ ಕೂಸು, ತುದಿ ಕಂಕುಳಲ್ಲಿ, ಬಲಗೈ ಖಾಲಿ.
ಆ ಖಾಲಿ ಕೈಯಲ್ಲಿ ಕಲ್ಲಿದ್ದಲು ಸುರಿದಳು, ಜಗಳವಾಡಿದಳು,
ಬಾಡಿಗೆ ಕೇಳಲು ಬಂದವನ ಮುಖಕ್ಕೆ ಬಾಗಿಲು ಹಾಕಿದಳು.
ಏಳನೆಯದನ್ನು ಮಣ್ಣಿಗೆ ಕಳಿಸುವಾಗ
ಬೇರೆ ಬಟ್ಟೆ ಹುಡುಕಿದಳಂತೆ.
ಶಾಲು ಎಂಟನೆಯದಕ್ಕೆ ಬೇಕಿತ್ತು.
ಎಂಟನೆಯವಳು ನಮ್ಮಮ್ಮ.
ಇದನ್ನು ಇದ್ವಾಲ್‌ಗೆ ಹೇಳಲಿಲ್ಲ.

ಜೂನಿನಲ್ಲಿ ತೆಗ್ವೆನ್ ತಾನೇ ಬಂದಳು, ಬೆವರಿನ ಕಾಲ.
ಉದ್ದನೆಯದನ್ನು ಇಳಿಸಿ ಬಳೆಯದನ್ನು ತೊಡಿಸಿದೆ.
ಕತ್ತು ನಿಂತ ಮಗು ಸೊಂಟದ ಮೇಲೆ ಕೂತು
ಸುತ್ತಲೂ ನೋಡಿತು, ಮನೆ ಕೊಳ್ಳಲು ಬಂದವರ ಗತ್ತಿನಲ್ಲಿ.
'ಈಗ ನನ್ನ ಸರದಿ' ಅಂದಳು ತೆಗ್ವೆನ್. ಮೂರು ತಿಂಗಳು
ಬೇರೆಯವರ ಎದೆಯ ಮೇಲಿದ್ದ ಮಗುವನ್ನು ನೋಡಿದವಳು.
ಬಟ್ಟೆಯನ್ನು ಬೇಕಾದ್ದಕ್ಕಿಂತ ಒಂದು ಬೆರಳು ಹೆಚ್ಚೇ ಬಿಗಿದಳು.
ಒಂದು ನಿಮಿಷ ಬಿಟ್ಟು, ಸಡಿಲಿಸಿದೆ.

ಚಳಿ ಬರುವ ಹೊತ್ತಿಗೆ ಬಕಲಿನದು. ಬೆನ್ನಮೇಲೆ.
ಅಪ್ಪನ ಕಿವಿ ಹಿಡಿದು ಎಳೆಯುವ ಕಲೆ.
ಕಂಬಿಯದು ಬೇಕೆಂದ, ಗುಡ್ಡ ಹತ್ತಬೇಕಂತೆ.
ತಾನಾಗಿ ಕೂರುವುದು ಗಟ್ಟಿಯಾಗಲಿ ಅಂದೆ. ಮುನಿಸಿಕೊಂಡ.
ಕ್ರಿಸ್‌ಮಸ್ ಕಳೆದು ಒಯ್ದ, ಎರಡು ಸಲ ನವೀಕರಿಸಿದ.

ಮೊನ್ನೆ ತಂದುಕೊಟ್ಟ.
ಜೇಬಿನಲ್ಲಿ ಅರ್ಧ ಬಿಸ್ಕತ್ತು, ಒಂದು ಕಪ್ಪೆಚಿಪ್ಪು, ಒಂಟಿ ಕಾಲ್ಚೀಲ.
ಮಾಬ್ಲಿ ನಡೆದೇ ಒಳಗೆ ಬಂದಳು, ಗೋಡೆ ಹಿಡಿಯದೆ,
ಗೂಟದಲ್ಲಿ ತೂಗುತ್ತಿದ್ದ ಉದ್ದನೆಯ ಬಟ್ಟೆಯ ತುದಿ ಎಳೆದಳು,
ಮೂಸಿದಳು, ಬಿಟ್ಟಳು. ಗುರುತೇ ಇಲ್ಲ.
'ಮುಂದೆ ಯಾವುದು?' ಕೇಳಿದ ಇದ್ವಾಲ್, ನಗುತ್ತಲೇ.
ನನ್ನ ಬಳಿ ಇನ್ನು ಯಾವುದೂ ಇರಲಿಲ್ಲ.

ಕಿಟಕಿಯಿಂದ ಕಂಡೆ: ಸಮುದ್ರದ ಕಡೆ ಇಳಿಯುವ ಬೀದಿಯಲ್ಲಿ
ಹತ್ತು ಹೆಜ್ಜೆಗೆ ಕಾಲು ನೋವೆಂದಳು. ಅವನು ಕುಕ್ಕರಗಾಲಲ್ಲಿ ಕೂತ,
ಅವಳು ಕೊರಳಿಗೆ ಜೋತುಬಿದ್ದಳು,
ಬಟ್ಟೆಯಿಲ್ಲ, ಬಳೆಯಿಲ್ಲ, ಬಕಲಿಲ್ಲ:
ಉಪ್ಪುಮೂಟೆ.

ಪುಸ್ತಕದಲ್ಲಿ 'ಮರಳಿ ಬಂದಿದೆ' ಎಂದು ಬರೆದೆ. ಹೀಟರು ಆರಿಸಿದೆ.
ಅವಳು ಎಳೆದದ್ದಕ್ಕೆ ಉದ್ದನೆಯದು ಅರ್ಧ ನೆಲಕ್ಕೆ ಜಾರಿತ್ತು.
ಐದು ಮೀಟರ್ ಬಟ್ಟೆಯನ್ನು ಒಬ್ಬಳೇ ಮಡಿಸುವುದೆಂದರೆ
ಒಂದು ತುದಿಯನ್ನು ಗಲ್ಲದಡಿ ಸಿಕ್ಕಿಸಿ
ಉಳಿದದ್ದನ್ನು ಎದೆಗೆ ಒತ್ತಿ ಹಿಡಿಯಬೇಕು.
ಬೇರೆ ದಾರಿಯಿಲ್ಲ.