ಕಿವಿಯ ಹಿಂದೆ

ಹುಟ್ಟಿದ ಐದನೇ ದಿನ
ಒದ್ದೆ ಬಟ್ಟೆ ಮೂಗಿಗೆ ಹಿಡಿದು ಅತ್ತೆ ನಕ್ಕಿದ್ದರು:
"ಬೆಲ್ಲದ ಪಾಕದ ಪರಿಮಳ ಮಾರಾಯ್ತಿ,
ಇಡೀ ಮಲ್ಪೆಯಲ್ಲಿ ಯಾವ ಮಗು ಹೀಗೆ ಉಚ್ಚೆ ಹೊಯ್ದಿದೆ?"
ನೆರೆಯವರೂ ಬಂದು ಮೂಸಿ ನೋಡಿದರು.

ಆರನೇ ದಿನ ಮೊಲೆ ಹಿಡಿಯಲಿಲ್ಲ.
ಏಳಕ್ಕೆ ಬೆನ್ನು ಹಿಂದಕ್ಕೆ ಬಾಗಿ ಸೆಟೆಯಿತು.
ಮಣಿಪಾಲದ ಏರು ಹತ್ತುವಷ್ಟೂ ಹೊತ್ತು ರಿಕ್ಷಾದವ
ಹಾರ್ನಿನಿಂದ ಕೈ ತೆಗೆಯಲಿಲ್ಲ,
ಬಾಡಿಗೆಯನ್ನೂ ಕೇಳಲಿಲ್ಲ.

ಯಾವುದೋ ಹಿಮದ ದೇಶದ ಮರ,
ಅದರ ಪಾಕದ ಹೆಸರಂತೆ ಈ ಕಾಯಿಲೆಗೆ.
ಲಕ್ಷದಲ್ಲಿ ಒಬ್ಬರಿಗೂ ಬಾರದಂತೆ.
"ಮತ್ತೆ ನಮ್ಮನ್ನು ಲೆಕ್ಕಕ್ಕೆ ಸೇರಿಸಿದ್ದು ಯಾರು?" ಕೇಳಿದರು ಇವರು.
ಡಾಕ್ಟರು ಸಣ್ಣ ಪ್ರಾಯದವರು.
ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ಮೀನಿಲ್ಲ. ಮೊಟ್ಟೆಯಿಲ್ಲ. ಬೇಳೆಯಿಲ್ಲ. ನನ್ನ ಹಾಲೂ ಅಳೆದೇ.
ನಲವತ್ತು ವರ್ಷ ಬುಟ್ಟಿ ಹೊತ್ತ ಅತ್ತೆ,
ಬಂಗುಡೆ ಎಣಿಸಿ, ಬೂತಾಯಿ ರಾಶಿಯಲ್ಲಿ ಕೊಟ್ಟವರು,
ಮೇಲೆರಡು ಕೊಸರು ಹಾಕದೆ ಯಾರನ್ನೂ ಕಳಿಸದವರು,
ಈಗ ಕನ್ನಡಕ ಏರಿಸಿ ಪುಟ್ಟ ತಕ್ಕಡಿಯ ಮುಂದೆ ಕೂರುತ್ತಾರೆ.
ಅರವತ್ತು ಗ್ರಾಂ ಅನ್ನ.
ಅರವತ್ತೆರಡು ತೋರಿಸಿದರೆ ಅಗುಳಗುಳೇ ಹಿಂದಕ್ಕೆ.
"ಮೊಮ್ಮಗಳಿಗೆ ಕೊಸರು ಹಾಕಲಾಗದ ಕೈ"
ಎಂದು ಒಮ್ಮೆ ಅಂದರು. ಮತ್ತೆ ಅನ್ನಲಿಲ್ಲ.

ಡಬ್ಬಿಯ ಪುಡಿ ಬರುವುದು ಪಾರ್ಸೆಲಿನಲ್ಲಿ.
ಬೋಟುಗಳು ದಡ ಹತ್ತಿ ಕೂತ ಜೂನ್, ಜುಲೈಯಲ್ಲಿ
ನನ್ನ ಬಳೆಗಳು ಸೊಸೈಟಿಗೆ ಹೋಗಿ ಬರುತ್ತವೆ,
ಒಮ್ಮೊಮ್ಮೆ ಎರಡು ಹೋಗಿ ಒಂದೇ ಬರುತ್ತದೆ.

ಚಾರ್ವಿಗೆ ಈಗ ನಾಲ್ಕು.
ಮಾರುಕಟ್ಟೆಯಿಂದ ಬಂದ ಅಜ್ಜಿ ಕೈ ತೊಳೆಯಹೋದರೆ
ಓಡಿ ಬಂದು ನಳ್ಳಿ ನಿಲ್ಲಿಸುತ್ತಾಳೆ.
ಅಂಗೈ ಎಳೆದು ಮೂಗಿಗಿಟ್ಟುಕೊಂಡು
ಒಂದು ತುತ್ತು ಅನ್ನ, ಒಂದು ಸಲ ಅಂಗೈ.
"ಇವತ್ತು ಬಂಗುಡೆ. ನಿನ್ನೆಯದು ಎಟ್ಟಿ."
ತಪ್ಪಿದ್ದೇ ಇಲ್ಲ.

ನನ್ನ ಮೂಗಿಗೆ ಬೇರೆ ಕೆಲಸ.
ಬೆಳಗಿನ ಜಾವ, ಅವಳು ಮಗ್ಗುಲಾಗುವ ಮೊದಲು,
ಕಿವಿಯ ಹಿಂದೆ ಬಾಗಿ ಮೂಸುತ್ತೇನೆ.
ಪಾಕ ಸುಳಿದರೆ ಬಾಗಿಲಲ್ಲಿ ಚೀಲ ಸಿದ್ಧವಿದೆ,
ಗೋಡೆಯ ಮೇಲೆ ರಿಕ್ಷಾದವನ ನಂಬರಿದೆ.
ಪಕ್ಕದ ಮನೆಯಲ್ಲಿ ಪಾಯಸಕ್ಕೆ ಬೆಲ್ಲ ಕಾಯಿಸಿದ ರಾತ್ರಿ
ಮೂರು ಸಲ ಎದ್ದು ಕೂತಿದ್ದೆ.

ಇವತ್ತು ತೆಂಗಿನೆಣ್ಣೆ, ಬೆವರು,
ಚೂರು ಬಂಗುಡೆ.
ನಿದ್ದೆಯಲ್ಲಿ ಅಜ್ಜಿ ತಲೆ ಸವರಿರಬೇಕು.
ಸಾಕು.
ಎದ್ದು ತಕ್ಕಡಿ ಒರೆಸಿಟ್ಟೆ.