ಹೊಟ್ಟೆಯಡಿಯ ತಗಡು

ಮೀನಾದರೆ ಕಿವಿರು ಎತ್ತಿ ನೋಡುತ್ತಿದ್ದೆ.
ಇದರದ್ದು ಏನನ್ನು ಎತ್ತಿ ನೋಡುವುದು?
ಸಜ್ಜಾದ ಯಾರ್ಡಿನಲ್ಲಿ ಗುಲ್ ಜರೀನ್ ಖಾನ್
ಹೊಸದಾಗಿ ಬಳಿದ ಬಿಳಿ ಪೇಂಟಿಗೆ ಅಂಗೈ ಬಡಿದು
‘ಎರಡು ಸಾವಿರದ ನೂರು ಗಂಟೆ, ಭಾಯ್, ಮೀಟರು ನೋಡು’ ಅಂದ.
ನೋಡಿದೆ. ಮೀಟರಿನ ನಾಲ್ಕು ಸ್ಕ್ರೂ ಹೊಸವು,
ಪೆಡಲಿನ ಗೀರು ಮಾತ್ರ
ಹಳೇ ಮಸೀದಿಯ ಮೆಟ್ಟಿಲಿನಷ್ಟು ನುಣುಪು.

ಆದರೂ ಕೊಂಡೆವು
ನಾನು ಮತ್ತು ಭಟ್ಕಳದ ಇರ್ಷಾದ್ ದಾಮುದಿ.
ರೂಮಿನ ಹನ್ನೊಂದು ಜನರ ಚೀಟಿ, ಈ ತಿಂಗಳ ಕೂಗು ನನ್ನದು;
ಉಳಿದದ್ದು ಅವನು ಎಲ್ಲಿಂದ ತಂದನೋ ಕೇಳಲಿಲ್ಲ.
ಬಾಬ್‌ಕ್ಯಾಟ್ ಅನ್ನುತ್ತಾರೆ ಇಲ್ಲಿ, ಯಾವ ಕಂಪನಿಯದಾದರೂ.
ನಿಂತಲ್ಲೇ ಗಿರ್ರನೆ ತಿರುಗುತ್ತದೆ,
ದೋಣಿಗೆ ಬಾರದ ಬುದ್ಧಿ.

ಹೈಡ್ರಾಲಿಕ್ ಎಣ್ಣೆಯ ಕಡ್ಡಿ ಎಳೆದರೆ ಕರಕ್ ಚಾ.
ನೀರು ಹೊಕ್ಕಿದೆ.
ಬಸಿದೆವು, ಫಿಲ್ಟರು ಬದಲಿಸಿದೆವು, ತುಂಬಿದೆವು, ಓಡಿಸಿ ಮತ್ತೆ ಬಸಿದೆವು.
ಎರಡನೇ ಡ್ರಮ್ಮಿನ ಬಿಲ್ಲು ನೋಡಿ ಇರ್ಷಾದ್ ಮಾತಾಡಲಿಲ್ಲ.
ಚೈನ್‌ಕೇಸಿನ ತಳಕ್ಕೆ ಅಯಸ್ಕಾಂತ ಇಳಿಸಿದೆ,
ಮೀನಿನ ಹುರುಪೆಯಂಥ ಹೊಳಪು ಒಂದಿಷ್ಟು ಬಂತು.
ಒಂದಿಷ್ಟೇ. ಸದ್ಯಕ್ಕೆ ನಡೆಯುತ್ತದೆ.

ತೋಳು ಎತ್ತಿ, ಕೆಂಪು ಊರುಗೋಲು ಕೊಟ್ಟೇ
ಅಡಿಗೆ ತಲೆ ಹಾಕು ಎಂದೆ ಶೊಫಿಕ್‌ಗೆ.
ಎಣ್ಣೆಯನ್ನು ನಂಬಿ ಯಾರೂ ಕತ್ತು ಚಾಚಬಾರದು.

ಆಮೇಲೆ ಹೊಟ್ಟೆಯಡಿಯ ತಗಡು ಬಿಚ್ಚಿದೆವು.
ಮೊದಲು ಸುರಿದದ್ದು ಕೆಂಪು ಮರಳು, ಧೈದ್ ಕಡೆಯದು.
ಅದರ ಕೆಳಗೆ ಕಲ್ಲಾದ ಸಿಮೆಂಟು.
ಅದರ ಕೆಳಗೆ ಆಡಿನ ಹಿಕ್ಕೆ, ಖರ್ಜೂರದ ಬೀಜ ಎಪ್ಪತ್ತೋ ಎಂಬತ್ತೋ,
ಒಂದು ಉಗುರು ಕತ್ತರಿ,
ಕಟ್ಟಕಡೆಗೆ ಎಣ್ಣೆಯಲ್ಲಿ ನೆನೆದ ಬಿಳಿ ಚಿಪ್ಪು, ಕಡಲದಂಡೆಯದು.
ಎರಡು ಸಾವಿರದ ನೂರು ಗಂಟೆಯಲ್ಲಿ
ಇಷ್ಟು ಊರು ತಿನ್ನಲಾಗುವುದಿಲ್ಲ, ಖಾನ್ ಸಾಬ್.

ಸೀಟು ಮಗುಚಿದಾಗ ಸಿಕ್ಕಿತು ಆ ವಯರು.
ಎದೆಯ ಮುಂದೆ ಇಳಿಯುವ ಸರಳಿನ ಸ್ವಿಚ್ಚನ್ನು ದಾಟಿಸಿ ಕಟ್ಟಿದ್ದು.
ಸರಳು ಎತ್ತಿದರೂ, ಆಸಾಮಿ ಎದ್ದು ಹೋದರೂ
ತೋಳು ಆಡುತ್ತಲೇ ಇರುವ ಹಾಗೆ.
ಟೇಪಿನ ಮೇಲೆ ನೀಲಿ ನೈಲಾನು ದಾರ,
ದಾರದ ತುದಿಗೆ ಬಲೆಗಂಟು.

ಹನ್ನೆರಡು ವರ್ಷದ ಹಿಂದೆ ಅಜ್ಮಾನಿನಲ್ಲಿ ನಾನು ಹೆಲ್ಪರು.
‘ಸ್ವಿಚ್ಚು ಬರಲು ವಾರ, ಡೈರೆಕ್ಟ್ ಮಾಡು’ ಎಂದ ಫೋರ್ಮನ್.
ಮಾಡಿದೆ. ನಾಲ್ಕು ಗಾಡಿಗೆ.
ಗಂಗೊಳ್ಳಿಯಲ್ಲಿ ಕಲಿತ ಗಂಟು, ಬಿಚ್ಚದು ಎಂಬ ಹೆಮ್ಮೆ ಬೇರೆ.
ಅದರಲ್ಲೊಂದು ಯಾರದೋ ಕಾಲು ತೆಗೆಯಿತಂತೆ;
ಅಷ್ಟರಲ್ಲಿ ನಾನು ಕಂಪನಿ ಬಿಟ್ಟಿದ್ದೆ.
ಹೆಸರು ಕೇಳಲಿಲ್ಲ.

ಇದು ಅದೇ ಗಾಡಿ ಅಂತಲ್ಲ.
ಚಿತ್ತಗಾಂಗಿನವರೂ ಬಲೆ ಹೆಣೆದವರೇ, ಕೊಲ್ಲಂನವರೂ.
ಈ ಊರಿನಲ್ಲಿ ನೀಲಿ ದಾರಕ್ಕೇನು ಬರ.
ಆದರೆ ಬೆರಳು
ಕತ್ತಲಲ್ಲೂ ಅದನ್ನು ಬಿಚ್ಚಿತು, ನನ್ನನ್ನು ಕೇಳದೆ.

ಹೊಸ ಸ್ವಿಚ್ಚು ನೂರಾ ತೊಂಬತ್ತು ದಿರ್ಹಮ್.
‘ಕಲ್ಲು ಸರಿಸಲು ಇಳಿದಾಗೆಲ್ಲ ನಿಂತುಬಿಟ್ಟರೆ
ದಿನಕ್ಕೆ ಅರ್ಧ ಗಂಟೆ ಹೋಯಿತು’ ಅಂದ ಇರ್ಷಾದ್.
ಹೋಗಲಿ ಅಂದೆ.
ಯಾಕೆ ಅಂತ ಅವನು ಕೇಳಿದ್ದರೆ
ಹೇಳುತ್ತಿದ್ದೆನೋ ಏನೋ.
ಅವನು ಗ್ರೀಸ್ ಗನ್ ಹಿಡಿದು ಪಿನ್ನು ಪಿನ್ನಿಗೂ ಒತ್ತುತ್ತ ಹೋದ,
ಹಳೆಯ ಕಪ್ಪು ಹೊರಬಂದು ಹೊಸ ಕೆಂಪು ಇಣುಕುವ ತನಕ.

ಶೊಫಿಕ್ ಹತ್ತಿ ಕೂತ. ಸರಳು ಇಳಿಸಿದ. ಟಿಕ್.
ತೋಳು ಎದ್ದಿತು.
ಸರಳು ಎತ್ತಿದ. ತೋಳು ಅಲ್ಲೇ ನಿಂತಿತು,
ಬೈಸಿಕೊಂಡ ಹುಡುಗನ ಹಾಗೆ.
ಇನ್ನೊಮ್ಮೆ ಅಂದೆ. ಇನ್ನೊಮ್ಮೆ.
ಏಳನೇ ಸಲಕ್ಕೆ ಅವನು ನಗತೊಡಗಿದ.

ರಾತ್ರಿ ತೊಳೆದು ನಿಲ್ಲಿಸಿದ ಮೇಲೆ
ಎಲ್ಲಿಂದಲೋ ಒಂದು ಹನಿ.
ಟಾರ್ಚು ಬಿಟ್ಟು ಹುಡುಕಿದೆ, ಕಾಣಲಿಲ್ಲ.
ಅಡಿಗೆ ಒಂದು ರಟ್ಟು ಹಾಸಿ ಬಂದೆ.
ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆಯೋ ನೋಡಬೇಕು.